ಎದುರಾಳಿಯ ಪರ ವಕಾಲತ್ತು

ಹೋದ ವಾರ ಒಂದು ಸಂಜೆ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಸಿಕ್ಕಿಕೊಂಡೆ. ಕೆಂಗೇರಿ ಉಪನಗರದಲ್ಲಿ ಕರೆಂಟು ಹೋಗುವುದು ಯಾರಿಗೂ ಸುದ್ದಿಯಲ್ಲ. ಆದರೆ ಎರಡು ಮಹಡಿಗಳ ನಡುವೆ ನಿಂತಿರುವವನಿಗೆ ಅದು ಸುದ್ದಿಯೇ. ದೀಪ ಆರಿತು, ಫ್ಯಾನು ನಿಂತಿತು, ಕೈಚೀಲದಲ್ಲಿದ್ದ ಸಬ್ಬಸಿಗೆ ಸೊಪ್ಪಿನ ವಾಸನೆ ಇದ್ದಕ್ಕಿದ್ದಂತೆ ಜೋರಾಯಿತು. ಕತ್ತಲಲ್ಲಿ ಗೋಡೆ ತಡಕಾಡಿ ಸಿಕ್ಕಿದ ಗುಂಡಿಯನ್ನು ಒತ್ತಿದೆ. ಅಲಾರಂ ಕಿವಿ ಹರಿಯುವ ಹಾಗೆ ಹೊಡೆದುಕೊಂಡಿತು.

ನಿಮಗಾಗಿದ್ದರೆ ಸಮಾಧಾನವಾಗುತ್ತಿತ್ತು. ನನಗೆ ಬಂದದ್ದು ಸಿಟ್ಟು. ಕರೆಂಟು ಹೋಗಿದೆ, ಲಿಫ್ಟು ಸತ್ತುಬಿದ್ದಿದೆ, ಅಲಾರಂ ಮಾತ್ರ ಏನೂ ಆಗದವನ ಹಾಗೆ ಕೂಗುತ್ತಿದೆ. ಬೆರಳು ತೆಗೆಯದೆ ಒತ್ತಿಯೇ ಒತ್ತಿದೆ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ನಮ್ಮ ವಾಚ್‌ಮನ್ನಿನ ದನಿ ಬಂತು.

"ಸಾರ್, ಗಾಬರಿ ಆಗ್ಬೇಡಿ. ಜನರೇಟರ್ ಆನ್ ಮಾಡ್ತಾ ಇದೀವಿ."

"ಗಾಬರಿ ಏನಿಲ್ಲ. ಈ ಅಲಾರಂ ಕರೆಂಟ್ ಇಲ್ದೆ ಹೆಂಗ್ರೀ ಹೊಡೀತಿದೆ?"

"ಏನ್ ಸಾರ್?"

"ಅಲಾರಂ. ಕರೆಂಟ್ ಇಲ್ಲ ತಾನೆ?"

"ಅದಕ್ಕೆ ಬ್ಯಾಟ್ರಿ ಇರುತ್ತೆ ಸಾರ್. ನೀವು ಮೊದ್ಲು ಬಟನ್ ಮೇಲಿಂದ ಕೈ ತೆಗೀರಿ."

ಬ್ಯಾಟರಿ. ಆ ಒಂದು ಪದ ಲಾಕ್‌ಡೌನಿಗೂ ಹಿಂದಿನ ಒಂದು ಭಾನುವಾರ ನನಗೆ ಹೊಳೆದಿದ್ದರೆ ಎಷ್ಟೋ ಒಳ್ಳೆಯದಾಗುತ್ತಿತ್ತು. ಅಂದು ಶ್ರೀಗಂಧದ ಕಾವಲಿನ ಒಂದು ಮಹಡಿಯ ಮೇಲೆ, ಹತ್ತಾರು ಜನರೆದುರು ನಾನೇ ಎದ್ದು ನಿಂತು ಹೇಳಿದ್ದೆ: "ಕರೆಂಟ್ ಹೋದಾಗ ಲಿಫ್ಟೂ ನಿಲ್ಲುತ್ತೆ, ಲಿಫ್ಟಿನ ಅಲಾರಮ್ಮೂ ನಿಲ್ಲುತ್ತೆ." ಆ ಮಾತು ಸುಳ್ಳು. ಅದು ನನ್ನ ಅಭಿಪ್ರಾಯವೂ ಆಗಿರಲಿಲ್ಲ. ಆದರೂ ಆ ಮಾತಿನಿಂದಲೇ ನಾನು ಸೋತೆ. ಈ ಅನ್ಯಾಯ ನಿಮಗೆ ಅರ್ಥವಾಗಬೇಕಾದರೆ ಇಸ್ಪೀಟಲ್ಲದ ಒಂದು ಕಾರ್ಡಿನ ಆಟದ ಬಗ್ಗೆ ಸ್ವಲ್ಪ ಕೇಳಿಸಿಕೊಳ್ಳಬೇಕು.

ಮನೆಗೆ ಬಂದವನೇ ಸ್ಟೂಲು ಹಾಕಿ ಅಟ್ಟದ ಮೇಲಿನ ಬಿಸ್ಕತ್ತಿನ ಡಬ್ಬಿ ಇಳಿಸಿದೆ. "ಸೊಪ್ಪು ಎಲ್ರೀ?" ಎಂದು ಹೆಂಡತಿ ಕೇಳಿದಳು. ಸೊಪ್ಪು ಲಿಫ್ಟಿನಲ್ಲೇ ಉಳಿದಿತ್ತು. ಡಬ್ಬಿಯ ಮುಚ್ಚಳ ತೆಗೆದರೆ ಕಾರ್ಡುಗಳ ಅದೇ ಹಳೆಯ ವಾಸನೆ, ಪ್ಲಾಸ್ಟಿಕ್ ಕವರಿನದೂ ಬಣ್ಣದ ಶಾಯಿಯದೂ ಸೇರಿದ್ದು. ಅಂದು ಸಿಟ್ಟಿನಲ್ಲಿ ಮನೆಗೆ ಬಂದು ಕಾರ್ಡುಗಳನ್ನು ಇದಕ್ಕೆ ಸುರಿದವನು ಮತ್ತೆ ತೆರೆದಿರಲಿಲ್ಲ. ಮೇಲ್ಗಡೆ 'ಕಾವಲುಗಾರ' ಇರಬೇಕಿತ್ತು. ಆ ದಿನದ ಜಗಳಕ್ಕೆ ಕಾರಣವಾದ ನನ್ನ ಕಾರ್ಡು ಅದು. ಅದು ಇರಲಿಲ್ಲ. ಅದರ ಜಾಗದಲ್ಲಿ 'ಕಾಡ್ಗಿಚ್ಚು' ಇತ್ತು.

ಕಾಡ್ಗಿಚ್ಚು ಎದುರಾಳಿಯ ಕಾರ್ಡು. ಇಷ್ಟು ವರ್ಷ ಈ ಕಥೆಯನ್ನು ಹೆಂಡತಿಗೆ, ಸಹೋದ್ಯೋಗಿಗಳಿಗೆ, ಒಮ್ಮೆ ಹಲ್ಲಿನ ಡಾಕ್ಟರಿಗೂ ಹೇಳಿದ್ದೇನೆ. ಪ್ರತಿ ಸಲವೂ ಕಾವಲುಗಾರ ನನ್ನದು, ಕಾಡ್ಗಿಚ್ಚು ಎದುರಾಳಿ ಈರಣ್ಣನದು. ಹಾಗಾದರೆ ಇದು ನನ್ನ ಡಬ್ಬಿಗೆ ಹೇಗೆ ಬಂತು? ನಾನು ನನ್ನ ನೆನಪನ್ನು ಸುಲಭಕ್ಕೆ ನಂಬುವವನಲ್ಲ. ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದ್ದರಿಂದ ಕೆಲಸಕ್ಕೆ ಅನುಕೂಲವಾಗದಿದ್ದರೂ ಅನುಮಾನಕ್ಕೆ ಬಹಳ ಅನುಕೂಲವಾಗಿದೆ. ಅನ್ಯಾಯ ನನಗೇ ಆಗಿತ್ತೋ, ಅಥವಾ ಬೇರೆಯವರ ಅನ್ಯಾಯವನ್ನು ನನ್ನದೆಂದು ಇಷ್ಟು ಕಾಲ ಸಾಕಿಕೊಂಡಿದ್ದೆನೋ? ಸ್ಟೂಲಿನ ಮೇಲೆ ನಿಂತೇ ಯೋಚಿಸಿದೆ.

ಆ ಕಾಲಕ್ಕೆ ನಾನು ವಿಜಯನಗರದಲ್ಲಿ, ಲಿಫ್ಟೇ ಇಲ್ಲದ ಒಂದು ಬಾಡಿಗೆ ಮನೆಯಲ್ಲಿದ್ದೆ. ಒಂದು ಖಾಸಗಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿ ಬಿ.ಕಾಂ. ವಿದ್ಯಾರ್ಥಿಗಳಿಗೆ ಜೀವನ ಕೌಶಲ ಎಂಬ ವಿಷಯ ಕಲಿಸುತ್ತಿದ್ದೆ. ನನ್ನ ಜೀವನ ನೋಡಿದವರು ಯಾರೂ ಆ ವಿಷಯವನ್ನು ನನಗೆ ಕೊಡುತ್ತಿರಲಿಲ್ಲ. ವಾದ ಮಾಡುವುದೊಂದು ನನಗೆ ಬರುತ್ತಿತ್ತು. ಆದರೆ ತರಗತಿಯಲ್ಲಿ ವಾದಕ್ಕೆ ಯಾರೂ ಸಿಗುತ್ತಿರಲಿಲ್ಲ. ನಾನು ಏನು ಹೇಳಿದರೂ ಬರೆದುಕೊಳ್ಳುತ್ತಿದ್ದರು.

ಭಾನುವಾರ ಮಾತ್ರ ನಂಜುಂಡಪ್ಪನವರ ಮಹಡಿಗೆ ಹೋಗುತ್ತಿದ್ದೆ. ಅವರು ಶ್ರೀಗಂಧದ ಕಾವಲಿನ ಹಳೆಯ ಕುಟುಂಬದವರು. ತಾತನ ಹೊಲವಿದ್ದ ಕಡೆ ಈಗ ಅವರ ಕಟ್ಟಡ. ಕೆಳಗೆ ಬೇಕರಿ ಮತ್ತು ಜೆರಾಕ್ಸ್ ಅಂಗಡಿ, ನಡುವೆ ಬಾಡಿಗೆ ರೂಮುಗಳು, ಮೇಲೊಂದು ಖಾಲಿ ಹಾಲ್. ರೂಮಿನ ಹುಡುಗರು ಭಾನುವಾರ ಹಾಲಿನಲ್ಲಿ ಕೂತು ಗಲಾಟೆ ಮಾಡುತ್ತಾರೆಂದು ಬೈಯಲು ಹತ್ತಿಹೋದ ನಂಜುಂಡಪ್ಪನವರು, ಏನಾಡುತ್ತಿದ್ದಾರೆಂದು ನೋಡಲು ಕೂತರಂತೆ. ಆಮೇಲೆ ಪ್ರತಿ ವಾರ ಬಂದು ಕೂತರು. ಕಾರ್ಡುಗಳ ಮೇಲಿನ ಇಂಗ್ಲಿಷ್ ಹೆಸರು ಅವರ ಬಾಯಲ್ಲಿ ಹೊರಳುತ್ತಿರಲಿಲ್ಲವೆಂದು ಎಲ್ಲ ಕಾರ್ಡಿಗೂ ಕನ್ನಡದ ಹೆಸರಿಟ್ಟರು. ಕಾವಲುಗಾರ, ಕಾಡ್ಗಿಚ್ಚು, ಗೂಳಿ, ಸ್ಟೇ ಆರ್ಡರ್. ಕೊನೆಯದು ಕನ್ನಡವಲ್ಲ ಎಂದು ನಾನು ಒಮ್ಮೆ ತಕರಾರು ತೆಗೆದಾಗ, "ನಮ್ಮನೇಲಿ ಮೂರು ತಲೆಮಾರಿಂದ ಅದೇ ಮಾತಾಡ್ತಾ ಇದೀವಿ, ಕನ್ನಡವೇ" ಎಂದರು.

ಆಟ ಇಷ್ಟೇ: ಇಬ್ಬರು ಎದುರುಬದುರು ಕೂತು ತಮ್ಮ ಸಂಗ್ರಹದಿಂದ ಆರಿಸಿಕೊಂಡ ಕಾರ್ಡುಗಳನ್ನು ಒಂದೊಂದಾಗಿ ಮೇಜಿನ ಮೇಲೆ ಇಳಿಸುತ್ತಾ ಎದುರಿನವನ ಶಕ್ತಿಯನ್ನು ಮುಗಿಸಬೇಕು. ಪ್ರತಿ ಕಾರ್ಡಿನ ಮೇಲೂ ಅದು ಏನು ಮಾಡಬಲ್ಲದು ಎಂದು ಬರೆದಿರುತ್ತದೆ. ತೊಂದರೆ ಇರುವುದು ಅಲ್ಲೇ. ಒಂದೊಂದು ಕಾರ್ಡೂ ತನ್ನ ಪಾಡಿಗೆ ತಾನು ಬಹಳ ಸ್ಪಷ್ಟ. ಎರಡು ಕಾರ್ಡು ಎದುರಾದಾಗ ಯಾವುದು ಮೊದಲು, ಯಾವುದು ಆಮೇಲೆ ಎಂದು ಯಾರೂ ಬರೆದಿರುವುದಿಲ್ಲ. ನೀವು ಗೂಳಿ ಬಿಟ್ಟಿರಿ, ನಾನು ಅದರ ಮೇಲೆ ಸ್ಟೇ ಆರ್ಡರ್ ಹಾಕಿದೆ, ನೀವು ನನ್ನ ಸ್ಟೇಗೇ ಇನ್ನೊಂದು ಸ್ಟೇ ತಂದಿರಿ. ಆಗ ಮದುವೆ ಮನೆಯಲ್ಲಿ ತೊಳೆಯಲು ಪೇರಿಸಿದ ತಟ್ಟೆಗಳ ಹಾಗೆ ಬಿಡಿಸಬೇಕು. ಕೊನೆಗೆ ಇಟ್ಟದ್ದನ್ನು ಮೊದಲು ಎತ್ತಬೇಕು. ಇದು ಸುಲಭ. ಎರಡು ಸಂಗತಿಗಳು ಒಂದೇ ಕ್ಷಣಕ್ಕೆ ನಡೆದರೆ ಕಷ್ಟ. ಮೇಜಿನ ಸುತ್ತ ಇರುವವರೆಲ್ಲ ಎದ್ದು ನಿಲ್ಲುತ್ತಾರೆ.

ಕಂಪನಿಯವರನ್ನೇ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಆ ಆಟ ಅಚ್ಚು ಹಾಕುತ್ತಿದ್ದ ಯಾವುದೋ ದೂರದ ಕಂಪನಿ ಬಾಗಿಲು ಹಾಕಿ ಯಾವ ಕಾಲವಾಗಿತ್ತೋ. ನಮ್ಮ ಹತ್ತಿರ ಇದ್ದದ್ದು ಫುಟ್‌ಪಾತಿನಲ್ಲಿ, ಹಳೇ ಪುಸ್ತಕದ ಅಂಗಡಿಯಲ್ಲಿ ಸಿಕ್ಕ ಕಾರ್ಡುಗಳು ಮತ್ತು ನಂಜುಂಡಪ್ಪನವರ ಕುರ್ಚಿ. ಒಂದು ಕೈ ಮುರಿದ ನೀಲಿ ಪ್ಲಾಸ್ಟಿಕ್ ಕುರ್ಚಿ. ಅದರಲ್ಲಿ ಕೂತವರು ಆಡುವಂತಿಲ್ಲ, ತೀರ್ಪು ಮಾತ್ರ ಕೊಡಬೇಕು. ಕೊಟ್ಟ ತೀರ್ಪು ಆ ಹಾಲಿನಲ್ಲಿ ಮುಂದೆಯೂ ನಡೆಯಬೇಕು.

ತೀರ್ಪು ಕೊಡುವುದಕ್ಕೆ ಅವರದೇ ಒಂದು ಪದ್ಧತಿಯಿತ್ತು. ಜಗಳ ಬಂದರೆ ಇಬ್ಬರೂ ಎದ್ದು ಜಾಗ ಬದಲಾಯಿಸಬೇಕು. ಜಗಳಕ್ಕೆ ಕಾರಣವಾದ ಕಾರ್ಡುಗಳನ್ನೂ ಅದಲುಬದಲು ಮಾಡಿಕೊಳ್ಳಬೇಕು. ಆಮೇಲೆ ನೀವು ಎದುರಾಳಿಯ ಪರವಾಗಿ ವಾದಿಸಬೇಕು, ಎದುರಾಳಿ ನಿಮ್ಮ ಪರವಾಗಿ. ಅವರ ತಾತ ಹೊಲದ ಬದುವಿನ ಜಗಳಗಳನ್ನು ಹೀಗೇ ಬಿಡಿಸುತ್ತಿದ್ದರಂತೆ. "ಪಕ್ಕದವನ ಬದು ಮೇಲೆ ನಿಂತ್ಕೊಂಡು ಮಾತಾಡು, ಆಗ ನಿನ್ನ ಹೊಲ ಎಷ್ಟಗಲ ಕಾಣುತ್ತೆ ಗೊತ್ತಾಗುತ್ತೆ ಅಂತಿದ್ರು ನಮ್ಮ ತಾತ" ಎನ್ನುತ್ತಿದ್ದರು. ಕೇಳಲು ಚೆನ್ನಾಗಿದೆ. ಇಬ್ಬರಲ್ಲಿ ಒಬ್ಬನಿಗೆ ಮಾತು ಬಂದು ಇನ್ನೊಬ್ಬನಿಗೆ ಬರದಿದ್ದರೆ ಏನು ಗತಿ ಎಂದು ಆ ತಾತನನ್ನು ಯಾರೂ ಕೇಳಿದಂತಿಲ್ಲ. ಮಾತು ಬರುವವನೇ ಸೋಲುತ್ತಾನೆ, ನೋಡಿ.

ಒಂದು ದಿನ ನಂಜುಂಡಪ್ಪನವರು ಕಿವಿ ಮಂದವಾಗುತ್ತಿದೆ, ತುಮಕೂರಿಗೆ ಮಗಳ ಮನೆಗೆ ಹೋಗಿ ಇರುತ್ತೇನೆ ಎಂದರು. ಹೋಗುವ ಮುಂಚಿನ ಭಾನುವಾರ ಕೊನೆಯ ಆಟ ಗೆದ್ದವರಿಗೆ ಕುರ್ಚಿ ಎಂದು ಘೋಷಿಸಿದರು. ನನಗೆ ಆ ಕುರ್ಚಿ ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂದು ಈಗ ಹೇಳಿದರೆ ನಗುತ್ತೀರಿ. ವಾರವೆಲ್ಲ ಯಾರಿಗೂ ಬೇಡವಾದ ಮಾತು ಆಡಿ ಬಂದವನಿಗೆ, ತನ್ನ ಮಾತಿಗೆ ಜನ ಕಾಯುವ ಒಂದೇ ಜಾಗ ಅದು.

ಕೊನೆಯ ಆಟಕ್ಕೆ ಉಳಿದವರು ನಾನು ಮತ್ತು ಈರಣ್ಣ. ಗದಗಿನ ಕಡೆಯವನು, ನಂಜುಂಡಪ್ಪನವರ ರೂಮಿನಲ್ಲೇ ಬಾಡಿಗೆಗಿದ್ದು ಬೈಕಿನಲ್ಲಿ ಊಟ ಡೆಲಿವರಿ ಮಾಡುತ್ತಿದ್ದ. ಭಾನುವಾರ ಆರ್ಡರು ಜಾಸ್ತಿ. ಆದರೂ ಫೋನು ಆಫ್ ಮಾಡಿ ಬಂದು ಆಡುತ್ತಿದ್ದ. ಕಾರ್ಡನ್ನು ಮೇಜಿಗೆ ರೊಟ್ಟಿ ಬಡಿದ ಹಾಗೆ ಬಡಿಯುತ್ತಿದ್ದ.

ಮೇಜಿನ ಮೇಲೆ ನನ್ನ ಮೂರು ಗೂಳಿಗಳು, ಜೊತೆಗೆ ಕಾವಲುಗಾರ. ಕಾವಲುಗಾರ ಮೇಜಿನ ಮೇಲಿರುವಾಗ ನನ್ನ ಬೇರೆ ಕಾರ್ಡುಗಳು ನಾಶವಾಗುವ ಸಂದರ್ಭ ಬಂದರೆ ನಾಶವಾಗುವ ಬದಲು ನನ್ನ ಕೈಗೆ ಮರಳುತ್ತವೆ. ಈರಣ್ಣ ಕಾಡ್ಗಿಚ್ಚು ಬಡಿದ. ಅದು ಮೇಜಿನ ಮೇಲಿರುವ ಎಲ್ಲವನ್ನೂ, ಕಾವಲುಗಾರನನ್ನೂ ಸೇರಿಸಿ, ಒಟ್ಟಿಗೆ ಸುಡುತ್ತದೆ. ಈಗ ಹೇಳಿ. ತಾನೂ ಅದೇ ಬೆಂಕಿಯಲ್ಲಿ ಸುಡುತ್ತಿರುವ ಕಾವಲುಗಾರ ಉಳಿದವರನ್ನು ಕಾಪಾಡುತ್ತಾನೋ ಇಲ್ಲವೋ? ಕಾಪಾಡಿದರೆ ಗೂಳಿಗಳು ನನ್ನ ಕೈಗೆ ಬರುತ್ತವೆ, ಮುಂದಿನ ಸರದಿಗೆ ನಾನು ಗೆಲ್ಲುತ್ತೇನೆ. ಇಲ್ಲದಿದ್ದರೆ ನನ್ನ ಕೈ ಖಾಲಿ.

"ಕಾಪಾಡ್ತಾನೆ. ಬೆಂಕಿ ಬಂದಾಗ ಅವನು ಎಚ್ಚರವಾಗೇ ಇದ್ದ" ಎಂದೆ ನಾನು.

"ಸುಟ್ಟು ಕರಕಾದಾಂವ ಯಾರ್ನ ಕಾಯ್ತಾನ್ರೀ ಮೇಷ್ಟ್ರ" ಎಂದ ಈರಣ್ಣ.

ನಂಜುಂಡಪ್ಪನವರು ಕೈ ಅಲ್ಲಾಡಿಸಿದರು. "ಜಾಗ ಬದಲಾಯಿಸಿ."

ಮೊದಲು ಈರಣ್ಣ ನನ್ನ ಪರವಾಗಿ ಮಾತಾಡಿದ. ನನ್ನ ಕಾವಲುಗಾರನನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತಾ, "ಇವನ ಕೆಲಸ ಕಾಯೂದು. ಅದಕ್ಕ ಕಾಯ್ತಾನ. ಮತ್ತೇನ್ ಹೇಳ್ಲಿ? ಪಾಪ, ಮೂರು ಗೂಳಿ ಅದಾವು" ಎಂದು ಕೂತುಬಿಟ್ಟ. ಇದು ನನ್ನ ವಾದವಂತೆ. ನನ್ನ ಜೀವನದ ಅತ್ಯಂತ ಮುಖ್ಯವಾದ ಮೊಕದ್ದಮೆಗೆ 'ಪಾಪ' ಎನ್ನುವ ವಕೀಲ.

ಆಮೇಲೆ ನನ್ನ ಸರದಿ. ಈರಣ್ಣನ ಪರವಾಗಿ ನಾನೂ ಎರಡು ಮಾತಾಡಿ ಕೂತಿದ್ದರೆ ಆಗುತ್ತಿತ್ತು. ಆದರೆ ಕೆಟ್ಟ ವಾದ ಮಾಡಲು ನನಗೆ ಬರುವುದಿಲ್ಲ. 'ಒಟ್ಟಿಗೆ' ಎಂದರೆ ಏನು, ಕ್ಷಣ ಎಂದರೆ ಏನು, ಒಂದೇ ಕಾರಣದಿಂದ ನಿಲ್ಲುವ ಎರಡು ವಸ್ತುಗಳಲ್ಲಿ ಒಂದಕ್ಕೆ ಮಾತ್ರ ಹೆಚ್ಚಿನ ಆಯುಸ್ಸು ಕೊಡುವುದು ಹೇಗೆ, ಎಂದೆಲ್ಲ ಹೇಳಿ, ಕೊನೆಗೆ ಆ ಲಿಫ್ಟಿನ ಮಾತು ಹೇಳಿದೆ. ಕರೆಂಟು ಹೋದಾಗ ಲಿಫ್ಟೂ ನಿಲ್ಲುತ್ತೆ, ಅಲಾರಮ್ಮೂ ನಿಲ್ಲುತ್ತೆ. ಒಂದು ಗಳಿಗೆ ಮುಂಚೆ ಸರಿಯಾಗಿತ್ತಲ್ಲ, ಅದಕ್ಕೇ ಈಗ ಹೊಡಿ ಅಂತ ಅಲಾರಮ್ಮಿಗೆ ಹೇಳೋಕಾಗುತ್ತಾ? ಯಾರೋ "ಸಖತ್ ಗುರು" ಎಂದರು. ಒಂದು ಕ್ಷಣ ನನಗೆ ನಾಚಿಕೆಯಿಲ್ಲದ ಸಂತೋಷವಾಯಿತು.

"ಮೇಷ್ಟ್ರು ಹೇಳಿದ್ದೇ ಸರಿ. ಸುಡ್ತಾ ಇರೋನು ಕಾಪಾಡಲ್ಲ. ಆಟ ಈರಣ್ಣಂದು, ಕುರ್ಚೀನೂ ಅವನ್ದೇ" ಎಂದರು ನಂಜುಂಡಪ್ಪನವರು.

"ಸಾರ್, ಅದು ನನ್ನ ವಾದ ಅಲ್ಲ. ಅವನ ವಾದ."

"ನಿಮ್ಮ ಬಾಯಿಂದ್ಲೇ ಬಂತಲ್ಲ."

"ನೀವೇ ಅಲ್ವಾ ಹೇಳ್ಸಿದ್ದು?"

"ಹೇಳ್ಸಿದ್ದು ನಾನೇ. ಅಷ್ಟು ಚೆನ್ನಾಗಿ ಹೇಳಿ ಅಂತ ಯಾರು ಹೇಳಿದ್ರು?"

ಎಲ್ಲರೂ ನಕ್ಕರು. ನಾನು ಕಾರ್ಡುಗಳನ್ನು ಬಾಚಿಕೊಂಡು ಮೆಟ್ಟಿಲಿಳಿದೆ. ಇಷ್ಟು ನನ್ನ ನೆನಪು.

ಆ ನಂತರದ ವರ್ಷಗಳಲ್ಲಿ ಎರಡು ಸಿದ್ಧಾಂತಗಳನ್ನು ಕಟ್ಟಿದೆ. ಮೊದಲನೆಯದು, ಈರಣ್ಣ ಕುರ್ಚಿಯ ಆಸೆಗೆ ಬೇಕೆಂದೇ ನನ್ನ ಪರವಾಗಿ ಕೆಟ್ಟದಾಗಿ ವಾದಿಸಿದ. ಎರಡನೆಯದು, ಅವನು ಕೂತದ್ದು ನಂಜುಂಡಪ್ಪನವರ ಕೇಳದ ಕಿವಿಯ ಕಡೆ. ನನ್ನ ಪರವಾದ ವಾದ ಅವರಿಗೆ ಕೇಳಿಸಲೇ ಇಲ್ಲ. ಎರಡೂ ಒಟ್ಟಿಗೆ ಇದ್ದಿರಬಹುದು ಎಂಬ ಮೂರನೆಯದೂ ಇತ್ತು. ಆದರೆ ಇವುಗಳಿಗಿಂತ ಹೆಚ್ಚಾಗಿ ಉರಿಯುತ್ತಿದ್ದದ್ದು ಬೇರೆ. ನನ್ನ ಪಕ್ಷವನ್ನು ನನ್ನ ಬಾಯಿಂದ ಯಾರೂ ಒಂದು ಸಲವೂ ಕೇಳಲಿಲ್ಲ. ಸೋತದ್ದಕ್ಕೆ ಇಷ್ಟು ಸಿಟ್ಟಿಲ್ಲ. ನಾನು ಮಾತಾಡದೆ ಸೋತದ್ದಕ್ಕೆ, ಅದಕ್ಕಿಂತ ಹೆಚ್ಚಾಗಿ ಮಾತಾಡಿಯೇ ಸೋತದ್ದಕ್ಕೆ, ಈ ಸಿಟ್ಟು.

ಈಗ ಕಾಡ್ಗಿಚ್ಚು ಕೈಯಲ್ಲಿದೆ. ಬ್ಯಾಟರಿ ತಲೆಯಲ್ಲಿದೆ. ಭಾನುವಾರ ಸ್ಕೂಟರ್ ಹತ್ತಿದೆ.

ಶ್ರೀಗಂಧದ ಕಾವಲಿನ ರಸ್ತೆಗಳು ನನ್ನನ್ನು ಗುರುತಿಸಲಿಲ್ಲ, ನಾನೂ ಅವುಗಳನ್ನು ಗುರುತಿಸಲಿಲ್ಲ. ಬೇಕರಿ ಇತ್ತು, ಜೆರಾಕ್ಸ್ ಅಂಗಡಿ ಹೋಗಿ ಮೊಬೈಲ್ ಕವರಿನ ಅಂಗಡಿ ಬಂದಿತ್ತು. ಮೇಲೆ ಹಾಲಿನಿಂದ ಗಲಾಟೆ ಕೇಳುತ್ತಿತ್ತು. ಮೆಟ್ಟಿಲು ಹತ್ತುವಾಗ ನನ್ನ ಎದೆ ಹೊಡೆದುಕೊಂಡದ್ದು ವಯಸ್ಸಿನಿಂದ ಎಂದುಕೊಂಡೆ.

ನೀಲಿ ಕುರ್ಚಿಯಲ್ಲಿ ಈರಣ್ಣ ಕೂತಿದ್ದ. ಕೂದಲು ಹಿಂದೆ ಸರಿದಿತ್ತು, ಮೈ ತುಂಬಿಕೊಂಡಿತ್ತು. ಈಗ ಸುಂಕದಕಟ್ಟೆಯ ಒಂದು ಗೋಡೌನಿನಲ್ಲಿ ಸೂಪರ್‌ವೈಸರ್ ಎಂದು ಆಮೇಲೆ ತಿಳಿಯಿತು. ನನ್ನನ್ನು ನೋಡಿ ಏಳಲಿಲ್ಲ, ಆಶ್ಚರ್ಯವನ್ನೂ ತೋರಿಸಲಿಲ್ಲ.

"ಬರ್ರಿ ಮೇಷ್ಟ್ರ. ಲಗೂನ ಬಂದ್ರಿ" ಎಂದ.

ನಾನು ಕಾರ್ಡು ಮುಂದೆ ಹಿಡಿದೆ. "ಇದು ನಿಂದಾ, ನಂದಾ?"

"ನಂದಲ್ದ ಮತ್ತ್ಯಾರ್ದು? ಅವತ್ತು ನೀವು ಅದಲುಬದಲು ಮಾಡಿದ್ ಕಾರ್ಡ್ ಅಂಗಿ ಕಿಸೆದಾಗ ಹಾಕ್ಕೊಂಡ್ರಿ. ನಿಮಗ ಮಾತಾಡಾಕ ಎರಡೂ ಕೈ ಬೇಕಲ್ಲ. ಹಂಗ ಹೋದ್ರಿ."

ನನಗೆ ಹಗುರವಾಯಿತು. ಅನ್ಯಾಯ ನನ್ನದೇ ಆಗಿತ್ತು. "ಹಂಗಾದ್ರೆ ನನ್ನ ಕಾವಲುಗಾರ?"

"ನನ್ನ ಕೈಯಾಗ ಉಳೀತು. ಈಗ ಚೈತ್ರಾ ಆಡ್ತಾಳ" ಎಂದು ಕಿಟಕಿ ಪಕ್ಕದ ಮೇಜಿನಲ್ಲಿ ಕಾರ್ಡು ಕಲಸುತ್ತಿದ್ದ ಹುಡುಗಿಯ ಕಡೆ ಗದ್ದ ತೋರಿಸಿದ.

ಇಷ್ಟು ವರ್ಷ ಕಾದಿಟ್ಟ ಪ್ರಶ್ನೆಯನ್ನು ನಿಂತಲ್ಲೇ ಕೇಳಿದೆ. "ಈರಣ್ಣ, ಅವತ್ತು ನನ್ನ ಪರವಾಗಿ ಬೇಕಂತಲೇ ಕೆಟ್ಟದಾಗಿ ವಾದ ಮಾಡಿದೆ ಅಲ್ವಾ?"

ಅವನ ಮುಖ ಕೆಂಪಾಯಿತು. ಸಿಟ್ಟು ಮಾಡುವ ಹಕ್ಕು ನನಗೊಬ್ಬನಿಗೇ ಇದೆ ಎಂದುಕೊಂಡಿದ್ದೆ.

"ಬೇಕಂತ? ಈ ಕುರ್ಚಿ ನೋಡ್ರಿ ಮೇಷ್ಟ್ರ. ಇದರಾಗ ಕುಂತಾಂವ ಆಡಂಗಿಲ್ಲ. ನಾ ಇಲ್ಲಿಗೆ ಆಡಾಕ ಬರ್ತಿದ್ದೆ, ಕುಂದ್ರಾಕಲ್ಲ. ವಾರ ಪೂರ್ತಿ ಗಾಡಿ ಮ್ಯಾಗ ಕುಂತಿರತಿದ್ದೆ. ನೀವು ಗೆಲ್ಲಲಿ, ಈ ಕುರ್ಚಿ ನಿಮಗ ಹೋಗಲಿ ಅಂತ ಜೀವ ಹಿಡದು ವಾದ ಮಾಡೀನಿ. ನನಗ ಬಂದದ್ದು ಅಷ್ಟ."

"ಕುರ್ಚಿ ಬೇಡಾಗಿದ್ರೆ ಆಟ ಬಿಟ್ಟುಕೊಡಬಹುದಿತ್ತಲ್ಲ."

"ಬೇಕಂತ ಸೋಲೂದಾ? ನಾಚಿಕಿ ಬರಂಗಿಲ್ಲೇನ್ರಿ? ನೀವು ಗದ್ದಲ ಮಾಡಿ ಇಳಿದು ಹೋದ್ರಿ. ಅವತ್ತಿಂದ ನಾ ಒಂದ ಆಟ ಆಡಿಲ್ಲ. ಯಾರಿಗೆ ಅನ್ಯಾಯ ಆಗೇತಿ, ನೀವ ಹೇಳ್ರಿ."

'ಪಾಪ, ಮೂರು ಗೂಳಿ ಅದಾವು' ಎಂಬುದು ಅವನು ಮನಸಾರೆ ಮಾಡಿದ ವಾದವಾಗಿತ್ತು. ನನ್ನ ಮೊದಲನೆಯ ಸಿದ್ಧಾಂತ ಅಲ್ಲೇ ಕುಸಿಯಿತು. ಅದರ ಜೊತೆಗೇ ನಿಂತಿದ್ದ ಮೂರನೆಯದೂ ಹೋಯಿತು.

ಈರಣ್ಣ ಕುರ್ಚಿಯ ಕೆಳಗಿನಿಂದ ರಬ್ಬರ್ ಬ್ಯಾಂಡ್ ಸುತ್ತಿದ ಒಂದು ಕಟ್ಟು ತೆಗೆದ. ಅವನ ಹಳೆಯ ಕಾರ್ಡುಗಳು. "ಕಾಡ್ಗಿಚ್ಚು ಇದರಾಗ ಸೇರ್ಸಿ ಒಂದ ಆಟ ಆಡ್ರಿ. ನಾನಂತೂ ಆಡಂಗಿಲ್ಲ, ನನ್ನ ಕಾರ್ಡರ ಆಡ್ಲಿ" ಎಂದ. ಚೈತ್ರಾಳ ಎದುರು ನನ್ನನ್ನು ಕೂರಿಸಿದ. ಅವಳು ಮಹಾಲಕ್ಷ್ಮಿ ಲೇಔಟಿನವಳು, ಫಿಸಿಯೋಥೆರಪಿ ಓದುತ್ತಿದ್ದಾಳೆ. ನನ್ನ ಕತ್ತಿನ ವಾಲಿಕೆ ನೋಡಿ, "ಸಾರ್, ಫೋನ್ ಜಾಸ್ತಿ ನೋಡ್ತೀರಾ" ಎಂದಳು. ಮಾತು ಹಾಗೆ ಶುರುವಾಯಿತು.

ಆಟ ಅರ್ಧ ದಾರಿಗೆ ಬಂದಾಗ ಅವಳು ಕಾವಲುಗಾರನನ್ನು ಇಳಿಸಿದಳು. ಮೂಲೆಯಲ್ಲಿ ಕಂದು ಬಣ್ಣದ ಕಾಫಿ ಕಲೆ. ನನ್ನದೇ. ಕಲೆ ಎಡಗಡೆ ಮೂಲೆಯಲ್ಲಿತ್ತೆಂದು ನನ್ನ ನೆನಪು, ಇದರಲ್ಲಿ ಬಲಗಡೆ ಇತ್ತು, ಆದರೂ ನನ್ನದೇ. ಅವಳ ಕಡೆ ಮೇಜು ತುಂಬಿತ್ತು, ಮುಂದಿನ ಸರದಿಗೆ ನನ್ನ ಕಥೆ ಮುಗಿಯುತ್ತಿತ್ತು. ನನ್ನ ಕೈಗೆ ಕಾಡ್ಗಿಚ್ಚು ಬಂತು. ಬೇರೆ ದಾರಿಯಿರಲಿಲ್ಲ. ಈರಣ್ಣನ ಹಾಗೆ ಬಡಿಯಲು ಹೋದೆ, ಸದ್ದು ಬರಲಿಲ್ಲ.

"ಎಲ್ಲಾ ಸುಟ್ಟೋಯ್ತು" ಎಂದ ಪಕ್ಕದಲ್ಲಿ ನಿಂತು ನೋಡುತ್ತಿದ್ದ ಒಬ್ಬ ಯುವಕ. "ಮೇಷ್ಟ್ರು ರೂಲ್."

"ಏನು ರೂಲ್?" ಎಂದೆ.

"ಮೇಷ್ಟ್ರು ರೂಲ್ ಸಾರ್. ಸುಡ್ತಾ ಇರೋ ಕಾವಲುಗಾರ ಕಾಪಾಡಲ್ಲ. ಕರೆಂಟ್ ಹೋದ್ರೆ ಲಿಫ್ಟೂ ನಿಲ್ಲುತ್ತೆ, ಅಲಾರಮ್ಮೂ ನಿಲ್ಲುತ್ತೆ. ಹಿಂದೆ ಯಾರೋ ಮೇಷ್ಟ್ರು ಬರ್ತಿದ್ರಂತೆ, ಅವ್ರು ಹೇಳಿದ್ದು."

ನಾನು ಈರಣ್ಣನ ಕಡೆ ನೋಡಿದೆ. ಅವನು ಚಾವಣಿ ನೋಡುತ್ತಿದ್ದ. ನಾನು ಯಾವ ಮಾತನ್ನು ದ್ವೇಷಿಸುತ್ತಾ ಇಷ್ಟು ವರ್ಷ ಕಳೆದೆನೋ ಆ ಮಾತು ನನ್ನದೇ ಹೆಸರು ಹೊತ್ತುಕೊಂಡು ಈ ಹಾಲಿನಲ್ಲಿ ಕಾನೂನಾಗಿ ಓಡಾಡಿಕೊಂಡಿತ್ತು. ನನಗಾದ ಅನ್ಯಾಯಕ್ಕೆ ನನ್ನ ಹೆಸರಿನ ನಾಮಫಲಕ.

"ಅದು ದರಿದ್ರ ರೂಲು" ಎಂದಳು ಚೈತ್ರಾ. "ನಾನು ಒಪ್ಪಲ್ಲ. ಆ ಮೇಷ್ಟ್ರು ಯಾರೋ, ಜನ್ಮದಲ್ಲಿ ಲಿಫ್ಟ್ ಹತ್ತಿರಲಿಲ್ಲ ಅನ್ಸುತ್ತೆ."

ಅವಳನ್ನು ತಬ್ಬಿಕೊಳ್ಳಬೇಕೋ ಎದ್ದು ಹೋಗಬೇಕೋ ತಿಳಿಯಲಿಲ್ಲ. ನನ್ನನ್ನು ಬೈಯುತ್ತಾ ನನ್ನ ಪಕ್ಷವನ್ನೇ ಹಿಡಿದವಳು ಅವಳೊಬ್ಬಳೇ.

"ತಕರಾರು ಐತೇನು? ಹಂಗಾರ ಜಾಗ ಬದಲಿ ಮಾಡ್ರಿ" ಎಂದ ಈರಣ್ಣ.

ಎದ್ದು ಅವಳ ಕುರ್ಚಿಗೆ ಹೋಗಿ ಕೂತು, ಅವಳ ಕೈಯಿಂದ ಕಾವಲುಗಾರನನ್ನು ತೆಗೆದುಕೊಳ್ಳುವಾಗ ನನಗೆ ವಿಷಯ ಹೊಳೆಯಿತು. ಮೇಷ್ಟ್ರು ರೂಲ್ ಉಳಿದರೆ ಈ ಆಟ ನನ್ನದು. ಆದರೆ ಪದ್ಧತಿಯ ಪ್ರಕಾರ ನಾನು ಈಗ ಚೈತ್ರಾಳ ಪರವಾಗಿ ವಾದಿಸಬೇಕು. ಅಂದರೆ ಕಾವಲುಗಾರನ ಪರವಾಗಿ. ಅಂದರೆ, ಕೊನೆಗೂ, ನನ್ನ ಪರವಾಗಿ. ಅಂದು ಆಗದೇ ಉಳಿದ ನನ್ನ ವಾದವನ್ನು ಅದೇ ಹಾಲಿನಲ್ಲಿ, ಅದೇ ಕುರ್ಚಿಯ ಮುಂದೆ, ನನ್ನ ಸ್ವಂತ ಬಾಯಿಂದ ಮಾಡಬಹುದು. ವಾದ ಗೆದ್ದರೆ ಆಟ ಸೋಲುತ್ತೇನೆ, ಅಷ್ಟೇ.

ಮೊದಲು ಚೈತ್ರಾ ನನ್ನ ಪರ ಮಾತಾಡಿದಳು. ಲಿಫ್ಟಿನ ಮಾತನ್ನು ಕಹಿ ಔಷಧ ಕುಡಿದ ಮಕ್ಕಳ ಮುಖ ಮಾಡಿಕೊಂಡು ಒಪ್ಪಿಸಿದಳು. ಆದರೂ ಮೋಸ ಮಾಡಲಿಲ್ಲ, ಇದ್ದದ್ದನ್ನೆಲ್ಲ ಹೇಳಿದಳು. ಕೇಳುತ್ತಿದ್ದರೆ ವಾದ ಚೆನ್ನಾಗಿಯೇ ಇತ್ತು. ಅದಕ್ಕೂ ಸಿಟ್ಟು ಬಂತು.

ನಾನು ಎದ್ದು ನಿಂತೆ. ಏನೇನು ಹೇಳಿದೆ ಎಂದು ಕೇಳಿದರೆ ಪೂರ್ತಿ ನೆನಪಿಲ್ಲ, ಮೊನ್ನೆಯದೇ ಆದರೂ. ಕೆಂಗೇರಿಯ ಲಿಫ್ಟಿನ ಕತ್ತಲನ್ನು ಹೇಳಿದೆ. ಸೊಪ್ಪಿನ ವಾಸನೆಯನ್ನೂ ಹೇಳಿದೆ, ಅದು ಯಾಕೆ ಬೇಕಿತ್ತೋ. "ಕರೆಂಟ್ ಹೋಗಿತ್ತು, ಅಲಾರಂ ಹೊಡೀತು. ಯಾಕೆ? ಅದಕ್ಕೆ ಬ್ಯಾಟರಿ ಇಟ್ಟಿರ್ತಾರೆ. ಯಾಕಿಟ್ಟಿರ್ತಾರೆ? ಅಲಾರಂ ಬೇಕಾಗೋದೇ ಎಲ್ಲಾ ಕೆಟ್ಟಾಗ. ಎಲ್ಲಾ ಸರಿ ಇರೋವಾಗ ಎದ್ದಿರೋ ಕಾವಲುಗಾರ ಯಾರಿಗೆ ಬೇಕು? ಬೆಂಕಿ ಎಲ್ಲರನ್ನೂ ಒಟ್ಟಿಗೆ ಮುಟ್ಟುತ್ತೆ, ಒಪ್ಪಿದೆ. ಆದರೆ ಮುಟ್ಟೋ ಕ್ಷಣದಲ್ಲಿ ಮೇಜಿನ ಮೇಲೆ ಯಾರಿದ್ದರು ಅಂತ ನೋಡಬೇಕು, ಮುಟ್ಟಿದ ಮೇಲೆ ಯಾರು ಉಳಿದರು ಅಂತ ಅಲ್ಲ. ಆ ಕ್ಷಣದಲ್ಲಿ ಅವನು ಇದ್ದ. ಅವನು ಸುಡಲಿ, ಸುಡಬಾರದು ಅಂತ ನಾನು ಕೇಳ್ತಿಲ್ಲ. ಅವನ ಕೆಲಸ ಮಾಡೋಕೆ ಬಿಡಿ ಅಂತಿದೀನಿ." ಕೊನೆಯ ಮಾತಿಗೆ ಎರಡೂ ಕೈ ಚಾಚಿ ಬೇಡುತ್ತಿದ್ದೆ. ಒಂದು ರಟ್ಟಿನ ತುಂಡಿಗಾಗಿ.

ಈರಣ್ಣ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. "ಬ್ಯಾಟ್ರಿ ಖರೇನ ಇರ್ತದೇನ್ರಿ ಅದಕ್ಕ?"

"ಇರುತ್ತೆ ಅಣ್ಣ" ಎಂದಳು ಚೈತ್ರಾ ತಡೆಯಲಾರದೆ. ನಿಯಮದ ಪ್ರಕಾರ ಅವಳು ಹಾಗೆ ಹೇಳಬಾರದಿತ್ತು.

"ಹಂಗಾರ ಕಾವಲುಗಾರ ಸುಡ್ತಾನ, ಉಳಿದಾವು ಕೈಗೆ ಬರ್ತಾವ. ಇವತ್ತಿಂದ ಇದ ರೂಲು."

"ಮತ್ತೆ ಮೇಷ್ಟ್ರು ರೂಲ್?" ಎಂದ ಆ ಯುವಕ.

"ಇದನ್ನೂ ಮೇಷ್ಟ್ರ ಹೇಳ್ಯಾರ. ಹೆಸರು ಅದ ಇರ್ಲಿ" ಎಂದ ಈರಣ್ಣ. ಆಗ ಚೈತ್ರಾ ನನ್ನ ಮುಖವನ್ನೇ ನೋಡಿ, ಬಾಯಿ ಮೇಲೆ ಕೈ ಇಟ್ಟುಕೊಂಡು, "ಅಯ್ಯೋ, ಲಿಫ್ಟ್ ವಿಷಯ ಹೇಳಿದ್ದಕ್ಕೆ ಸಾರಿ ಸಾರ್" ಎಂದಳು. ಹಾಗೆಂದವಳು ಮುಂದಿನ ಸರದಿಯಲ್ಲಿ ಕೈಗೆ ಬಂದ ಕಾರ್ಡುಗಳನ್ನೆಲ್ಲ ಮತ್ತೆ ಇಳಿಸಿ, ಒಂದಿಷ್ಟೂ ದಾಕ್ಷಿಣ್ಯವಿಲ್ಲದೆ ನನ್ನನ್ನು ಮುಗಿಸಿದಳು.

ಸೋತು ಇಷ್ಟು ಖುಷಿಯಾದ ದಿನ ನನಗೆ ನೆನಪಿಲ್ಲ. ಮೆಟ್ಟಿಲಿಳಿಯುವಾಗ ಏನೋ ಹಾಡು ಗುನುಗುತ್ತಿದ್ದೆ. ದಾರಿಯಲ್ಲಿ ಮಾತ್ರ ಎಂದಿನ ಹುಳ ಹೊಕ್ಕಿತು. ಅಂದು ಈರಣ್ಣನ ಪರವಾಗಿ ಮಾತಾಡುವಾಗಲೂ ನಾನು ಇಷ್ಟೇ ನಂಬಿ ಮಾತಾಡಿರಲಿಲ್ಲವೇ? ಎದುರಾಳಿಯ ಕುರ್ಚಿಯಲ್ಲಿ ಕೂತಾಗ ಮಾತ್ರ ನನಗೆ ಒಳ್ಳೆಯ ವಾದ ಹೊಳೆಯುತ್ತದೆಯೋ ಏನೋ. ಹಾಗಿದ್ದರೆ ನಂಜುಂಡಪ್ಪನವರ ತಾತನ ಮೇಲೆ ಇಷ್ಟು ವರ್ಷ ಮಾಡಿದ ಸಿಟ್ಟನ್ನು ಏನು ಮಾಡಲಿ?

ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸ್ಕೂಟರ್ ನಿಲ್ಲಿಸಿದಾಗ ಫೋನು ಬಂತು. ಗುರುತಿಲ್ಲದ ನಂಬರು, ಚೈತ್ರಾಳ ದನಿ.

"ಸಾರ್, ಈರಣ್ಣನ ಹತ್ರ ನಂಬರ್ ತಗೊಂಡೆ. ನನ್ನ ಕಾವಲುಗಾರ ಎಲ್ಲಿ?"

ಅಂಗಿಯ ಜೇಬು ಮುಟ್ಟಿ ನೋಡಿಕೊಂಡೆ. ಇತ್ತು. ಮಾತಾಡಲು ನನಗೆ ಎರಡೂ ಕೈ ಬೇಕು.

"ನನ್ನ ಹತ್ರ ಇದೆ. ಆದ್ರೆ ಅದು ನಂದೇ ಕಾರ್ಡಮ್ಮ. ಮೂಲೇಲಿ ಕಾಫಿ ಕಲೆ ಇದೆ ನೋಡು."

"ಆ ಕಲೆ ನಾನು ಮಾಡಿದ್ದು ಸಾರ್, ಹೋದ ವರ್ಷ."

"ಸಾಧ್ಯಾನೇ ಇಲ್ಲ."

"ತಕರಾರಾ? ಹಾಗಾದ್ರೆ ಭಾನುವಾರ ಬನ್ನಿ, ಬಿಡಿಸ್ಕೊಳ್ಳೋಣ" ಎಂದಳು. ನಗು ತಡೆದುಕೊಂಡದ್ದು ಕೇಳಿಸಿತು. "ಗೊತ್ತಲ್ಲ ಸಾರ್, ನೀವು ನನ್ನ ಪರವಾಗಿ ಮಾತಾಡ್ಬೇಕು."

ಎಂಥ ಅನ್ಯಾಯ ನೋಡಿ. ಕಾರ್ಡು ನನ್ನದು, ಕಲೆ ನನ್ನದು, ಇಷ್ಟು ವರ್ಷದ ಸಿಟ್ಟೂ ನನ್ನದು. ಅದು ಅವಳದೆಂದು ಸಾಧಿಸಬೇಕಾದವನೂ ನಾನೇ. ಗೊಣಗುತ್ತಾ ಲಿಫ್ಟು ಹತ್ತಿದೆ. ಬಾಗಿಲು ಮುಚ್ಚಿತು. ಕಾರ್ಡನ್ನು ದೀಪಕ್ಕೆ ಹಿಡಿದು ನೋಡಿದೆ. ಕಲೆ ಬಲಗಡೆಯ ಮೂಲೆಯಲ್ಲೇ ಇತ್ತು. ನನ್ನದು ಎಡಗಡೆ ಇತ್ತಲ್ಲವೇ? ಒಳ್ಳೆಯ ಅಂಶ, ಇದರಿಂದಲೇ ಶುರು ಮಾಡಬಹುದು ಎಂದುಕೊಂಡೆ. ನಮ್ಮ ಮಹಡಿ ಬರುವಷ್ಟರಲ್ಲಿ ಅವಳ ಪರವಾಗಿ ಇನ್ನೂ ಎರಡು ಅಂಶ ಹೊಳೆದಿದ್ದವು.